ಮಂದೆ ನಿಂತ ಹೊಲ

ದೊಡ್ಡೀರಪ್ಪ ತೀರಿಕೊಂಡ ಸುದ್ದಿ ಚಳ್ಳಕೆರೆಗೆ ಬಂದದ್ದು ಒಂದು ಸೋಮವಾರ ಬೆಳಗ್ಗೆ. ಆ ಹೊತ್ತಿಗೆ ಹನುಮಂತರಾಯ ಬಸ್ ನಿಲ್ದಾಣದ ಎದುರಿನ ಓಬಳೇಶನ ಟೀ ಅಂಗಡಿಯಲ್ಲಿ ಕುಳಿತು ಪತ್ರಿಕೆಯ ಸುದ್ದಿಯೊಂದನ್ನು ಎರಡನೆಯ ಸಲ ಓದುತ್ತಿದ್ದ. ವಿಮಾನದ ಕಂಪನಿಗಳು ಒಂದನ್ನೊಂದು ನುಂಗಿ ಈಗ ಬೆರಳೆಣಿಕೆಯಷ್ಟು ಉಳಿದಿವೆ, ಹಬ್ಬ ಹುಣ್ಣಿಮೆ ಬಂತೆಂದರೆ ಟಿಕೆಟ್ಟಿನ ದರಕ್ಕೆ ಹೇಳುವವರು ಕೇಳುವವರು ಇಲ್ಲ ಎಂದು ಯಾರೋ ಬರೆದಿದ್ದರು. ಹನುಮಂತರಾಯ ವಿಮಾನ ಹತ್ತಿದವನಲ್ಲ. ಹತ್ತುವ ಆಸೆಯೂ ಅವನಿಗಿರಲಿಲ್ಲ. ಆದರೂ ಆ ಸುದ್ದಿ ಅವನಿಗೆ ಬಹಳ ಬೇಕಾಗಿತ್ತು. ಕುರಿ ಹೊಡೆದುಕೊಂಡು ಆಂಧ್ರದ ಕಡೆ ಹೋಗಿದ್ದ ದೊಡ್ಡೀರಪ್ಪ ಊರಿಗೆ ಮರಳಿದ ದಿನ ಅದನ್ನು ಅವನ ಮೂಗಿನ ಮುಂದೆ ಹಿಡಿದು, "ಈಗೇನಂತೀಯಲೇ?" ಎಂದು ಕೇಳಬೇಕೆಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಳ್ಳುತ್ತಿದ್ದ.

ಆಗ ಜೇಬಿನ ಫೋನು ಕೂಗಿತು.

"ಮಾವಾ, ನಾನು ಚಂದ್ರಣ್ಣ. ಅಪ್ಪ ಹೋದ ಮಾವಾ."

"ಎಲ್ಲಿಗೆ ಹೋದನಪ್ಪ? ಮುಂದಿನ ಹೊಲಕ್ಕಾ?"

ಆ ಕಡೆ ಹುಡುಗ ಅಳುವ ಸದ್ದು ಕೇಳಿತು, ಅದರ ಹಿಂದೆ ಕುರಿಮರಿಗಳು ಅರಚುವ ಸದ್ದು. ಹನುಮಂತರಾಯನಿಗೆ ಆಗ ಅರ್ಥವಾಯಿತು. ಬೆಳಗಿನ ಜಾವ ಎದ್ದು, ಕುರಿ ಕೂಡಿದ ರೊಪ್ಪದ ಬಲೆ ಬಿಚ್ಚುತ್ತಿದ್ದವನು ಎದೆ ಹಿಡಿದುಕೊಂಡು ಅಲ್ಲೇ ಕುಳಿತನಂತೆ. ನೀರು ತರುವುದರೊಳಗೆ ಜೀವ ಹೋಗಿತ್ತು.

"ನಾನು ಬರೋತನಕ ಏನೂ ಮಾಡಬೇಡ್ರಪ್ಪ," ಎಂದ ಹನುಮಂತರಾಯ. "ಮಣ್ಣು ನಮ್ಮ ಕಡೆನೇ ಆಗಬೇಕು. ಗಾಡಿ ನಾನು ನೋಡ್ತೀನಿ. ಪರರಾಜ್ಯದಾಗೆ ಬಿಟ್ಟು ಬರೋ ಮಾತಿಲ್ಲ."

ಓಬಳೇಶ ಟೀ ಲೋಟ ಹಿಡಿದು ನಿಂತೇ ಇದ್ದ. ಹನುಮಂತರಾಯ ಪತ್ರಿಕೆಯನ್ನು ಬೆಂಚಿನ ಮೇಲೆ ಇಟ್ಟು ಮನೆಗೆ ನಡೆದ.

ಮನೆಯಲ್ಲಿ ಹೆಂಡತಿ ಗಂಗಲಕ್ಷ್ಮಿ ಸುದ್ದಿ ಕೇಳಿ ಒಲೆ ಆರಿಸಿದಳು. ಆಮೇಲೆ ಪೆಟ್ಟಿಗೆಯಿಂದ ಹೊಸ ಪಂಚೆ ತೆಗೆದು, ಊದುಬತ್ತಿ, ಕರ್ಪೂರ ಸೇರಿಸಿ ಚೀಲದಲ್ಲಿಟ್ಟಳು. "ಗಂಡನ್ನ ಕಳಕೊಂಡೋಳು ಕ್ಯಾತಮ್ಮ, ಅವಳು ಏನು ಹೇಳ್ತಾಳೋ ಅದು ಕೇಳ್ರಿ," ಎಂದಳು. "ಅಲ್ಲಿ ಹೋಗಿ ನಿಮ್ಮದೇ ಹಟ ಹಿಡೀಬ್ಯಾಡ್ರಿ."

"ಹಟ ಏನು ಬಂತು? ಅವನ ಊರಿಗೆ ಅವನನ್ನ ಕರಕೊಂಡು ಬರೋದು ಹಟವೇನೇ?"

ಅವಳು ಚೀಲವನ್ನು ಅವನ ಕೈಗೆ ಕೊಟ್ಟಳು.

ಮೊಳಕಾಲ್ಮುರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಈ ದಾರಿಯಲ್ಲಿ ಹನುಮಂತರಾಯ ಖಾಸಗಿ ಬಸ್ಸೊಂದರ ಕಂಡಕ್ಟರಾಗಿ ಮುಕ್ಕಾಲು ಆಯುಷ್ಯ ಕಳೆದಿದ್ದ. ಚಳ್ಳಕೆರೆಯಿಂದ ತಳಕು, ಹಾನಗಲ್ಲು, ಮೊಳಕಾಲ್ಮುರು, ಅಲ್ಲಿಂದ ಗಡಿ ದಾಟಿ ರಾಯದುರ್ಗ. ಕಣ್ಣು ಮುಚ್ಚಿದ್ದರೂ ಯಾವ ತಿರುವಿನಲ್ಲಿ ಬಸ್ಸು ಯಾವ ಕಡೆ ವಾಲುತ್ತದೆಂದು ಅವನ ಮೈಗೆ ಗೊತ್ತಿತ್ತು. ದೊಡ್ಡೀರಪ್ಪ ಅವನಿಗೆ ಸಿಕ್ಕಿದ್ದೂ ಇದೇ ದಾರಿಯಲ್ಲಿ. ಆಗ ಇಬ್ಬರಿಗೂ ಮೀಸೆ ಕಪ್ಪಗಿತ್ತು. ನನ್ನಿವಾಳದ ಹತ್ತಿರದ ಹಟ್ಟಿಯವನೊಬ್ಬ ಕಂಬಳಿಯೊಳಗೆ ಕುರಿಮರಿ ಇಟ್ಟುಕೊಂಡು ಹತ್ತಿದ್ದ. ಮರಿಗೂ ಟಿಕೆಟ್ ತೆಗೆದುಕೊಳ್ಳಬೇಕೆಂದು ಹನುಮಂತರಾಯ ಅಂದ.

"ಹಾಲು ಕುಡಿಯೋ ಮಗೀಗೆ ಟಿಕೆಟ್ ಹರೀತೀಯೇನಲೇ?"

"ಮಗೀಗೆ ಇಲ್ಲ."

"ಇದೂ ಹಾಲು ಕುಡಿಯೋದೇ. ನಿನ್ನ ಮಾಲೀಕನ್ನ ಕೇಳು ಹೋಗು, ಹಾಲು ಬಿಟ್ಟ ಮ್ಯಾಲೆ ಕೊಡ್ತೀನಿ ಅಂತ ಹೇಳು."

ಬಸ್ಸಿಗೆ ಬಸ್ಸೇ ನಕ್ಕಿತ್ತು. ಅಂದಿನಿಂದ ಅವರಿಬ್ಬರ ವಾದ ನಿಂತದ್ದಿಲ್ಲ. ವಯಸ್ಸಾದ ಮೇಲೆ ಅದು ಓಬಳೇಶನ ಅಂಗಡಿಗೆ ಬಂತು. ಮಳೆಗಾಲದಲ್ಲಿ ಮಂದೆ ಹಟ್ಟಿಯಲ್ಲಿರುವಷ್ಟು ದಿನವೂ ದೊಡ್ಡೀರಪ್ಪ ಬೆಳಗಾದರೆ ಚಳ್ಳಕೆರೆಗೆ ಬರುತ್ತಿದ್ದ. ಹನುಮಂತರಾಯ ಪತ್ರಿಕೆ ಓದುವನು, ದೊಡ್ಡೀರಪ್ಪ ಓದಿದ್ದಕ್ಕೆಲ್ಲ ಅಡ್ಡ ಮಾತಾಡುವನು.

ವಿಮಾನದ ಜಗಳ ಬಹಳ ಹಳೆಯದು, ಹುಟ್ಟಿದ್ದು ಬಸ್ಸಿನಿಂದ. ಹನುಮಂತರಾಯನ ಮಾಲೀಕನ ಬಸ್ಸಿಗೆ ಎದುರಾಗಿ ಇನ್ನೊಬ್ಬ ಸಾಹುಕಾರ ಬಸ್ಸು ಬಿಟ್ಟಿದ್ದ. ಅವನು ದರ ಇಳಿಸಿದ, ಇವನು ಇನ್ನಷ್ಟು ಇಳಿಸಿದ, ಜನಕ್ಕೆ ಹಬ್ಬವೋ ಹಬ್ಬ. ಕೊನೆಗೆ ಹನುಮಂತರಾಯನ ಮಾಲೀಕ ಸೋತು ಬಸ್ಸು ಮಾರಿದ. ಮಾರಿದ ಮರುವಾರವೇ ಆ ಸಾಹುಕಾರ ದರವನ್ನು ಮೊದಲಿಗಿಂತ ಮೇಲಕ್ಕೆ ಏರಿಸಿದ. "ಪೈಪೋಟಿ ಅನ್ನೋದು ಇಷ್ಟೇ," ಎಂದು ಹನುಮಂತರಾಯ ಹೇಳುತ್ತಿದ್ದ. "ವಿಮಾನವಾಗಲಿ, ಎತ್ತಿನ ಗಾಡಿಯಾಗಲಿ. ಕೊನೆಗೆ ಒಬ್ಬನೇ ಉಳೀತಾನೆ. ಉಳಿದೋನು ಹೇಳಿದ್ದೇ ದರ."

"ಸಂತೇಲಿ ಒಬ್ಬನೇ ಕೊಳ್ಳೋನು ಇದ್ರೆ ನನ್ನ ಟಗರಿಗೆ ಬೆಲೆ ಬರ್ತೈತೇನಲೇ? ಇಬ್ಬರು ಇದ್ರೆ ತಾನೇ ಅವರವರೇ ಹೊಡೆದಾಡಿ ಏರಿಸ್ತಾರೆ? ನೀನು ಕೂತು ಹೋಗೋನ ಕಡೆಯಿಂದ ನೋಡಲ್ಲ, ಟಿಕೆಟ್ ಹರಿಯೋನ ಕಡೆಯಿಂದ ನೋಡ್ತೀಯ." ಅಷ್ಟು ಹೇಳಿ ದೊಡ್ಡೀರಪ್ಪ ಉಳ್ಳಾರ್ತಿ ಕಾವಲಿನ ಕಡೆ ಕೈ ತೋರಿಸುವನು. ಅವನು ಹುಡುಗನಾಗಿದ್ದಾಗ ಕುರಿ ಮೇಯಿಸಿದ ಆ ಬಯಲಿಗೆ ಈಗ ವಿಮಾನ ಪರೀಕ್ಷೆಯ ಕೇಂದ್ರದ ಗೋಡೆ ಬಂದಿದೆ; ಆ ದಿಕ್ಕಿನಿಂದ ಒಮ್ಮೊಮ್ಮೆ ಆಳಿಲ್ಲದ ವಿಮಾನಗಳು ಮೇಲೇಳುತ್ತವೆ. "ಅಗಾ, ಅದರಾಗೆ ಡ್ರೈವರೂ ಇಲ್ಲ, ಕಂಡಕ್ಟರೂ ಇಲ್ಲ. ಅದಕ್ಕೇ ಅಷ್ಟು ಸಲೀಸಾಗಿ ಹೋಗ್ತೈತೆ."

ಲೋಕದ ಸಿರಿವಂತ ದೇಶಗಳ ಸಾಲಿನಲ್ಲಿ ನಮ್ಮ ದೇಶ ಮುಂದೆ ಬಂತು ಎಂದು ಹನುಮಂತರಾಯ ಒಂದು ದಿನ ಹೆಮ್ಮೆಯಿಂದ ಓದಿದಾಗಲೂ ಹೀಗೆಯೇ. "ಹಟ್ಟೀಲಿ ಒಟ್ಟು ಸಾವಿರ ಕುರಿ ಅವೆ ಅಂದ್ರೆ ನನ್ನ ರೊಪ್ಪದಾಗೆ ಎಷ್ಟವೆ ಅಂತ ಗೊತ್ತಾಗ್ತೈತೇನೋ?" ಎಂದು ದೊಡ್ಡೀರಪ್ಪ ಬೀಡಿ ಹಚ್ಚಿದ್ದ.

ಆದರೆ ಎಲ್ಲಕ್ಕಿಂತ ಕಾವೇರಿದ್ದು ಹೋದ ವರ್ಷದ ಮಾತು. ಯಾವುದೋ ದೊಡ್ಡ ದೇಶ, ಕಾಗದ ಪತ್ರವಿಲ್ಲದೆ ಒಳಗೆ ಬಂದವರನ್ನು ಕೈಗೆ ಕೋಳ ಹಾಕಿ ವಿಮಾನದಲ್ಲಿ ವಾಪಸು ಕಳಿಸಿತೆಂದು ಸುದ್ದಿ ಬಂದಿತ್ತು. ಹನುಮಂತರಾಯ ಸರಿಯೇ ಮಾಡಿದರೆಂದ. ಅವರವರ ದೇಶ ಅವರವರಿಗೆ. ಹೊರಗಿನವರು ತುಂಬಿಕೊಂಡರೆ ಮನೆಯವರಿಗೆ ಉಳಿಯುವುದೇನು?

ದೊಡ್ಡೀರಪ್ಪ ಅಂದು ನಗಲಿಲ್ಲ. "ನಾವು ವರ್ಷಾ ವರ್ಷಾ ಗಡಿ ದಾಟಿ ಹೋಗ್ತೀವಲ್ಲ. ಭತ್ತ ಕೊಯ್ದ ಗದ್ದೆಯೋರು ಎಲೆ ಅಡಿಕೆ ಕೊಟ್ಟು ಕರೀತಾರೆ, ಬಂದು ನಮ್ಮ ಹೊಲದಾಗೆ ಮಂದೆ ನಿಲ್ಲಿಸ್ರಪ್ಪ ಅಂತ. ಯಾಕೆ? ನಮ್ಮ ಕುರಿ ಮಲಗಿದ ನೆಲ ಮುಂದಿನ ವರ್ಷ ಹೊನ್ನು ಕೊಡ್ತೈತೆ. ಗೊಬ್ಬರ ಬೇಕು, ಕುರಿ ಬ್ಯಾಡ ಅಂದ್ರೆ ಆಗ್ತೈತಾ? ಆ ದೇಶದೋರೂ ಗೊಬ್ಬರ ಹಾಕಿಸ್ಕೊಂಡೇ ಸಿರಿವಂತರಾಗಿರೋದು ಕಣಲೇ."

"ಕುರಿಗೂ ಮನುಷ್ಯರಿಗೂ ಹೋಲಿಸ್ತೀಯಲ್ಲ!"

"ಅಲ್ಲ ಕಂಡಕ್ಟ್ರೇ, ಮನ್ಯಾಗೆ ನೀನು ಹೆಂಡ್ರ ಹತ್ರ ತೆಲುಗು ಮಾತಾಡ್ತೀಯ. ನಿಮ್ಮಜ್ಜ ರಾಯದುರ್ಗದ ಆಚೆಯಿಂದ ಮೂಟೆ ಹೊತ್ತು ಬಂದಾಗ ಯಾವ ಪಾಸ್‌ಪೋರ್ಟ್ ತಂದಿದ್ದ?"

ಅಂಗಡಿಯವರೆಲ್ಲ ನಕ್ಕಿದ್ದರು. ಹನುಮಂತರಾಯ ಎರಡು ದಿನ ಮುಖ ಊದಿಸಿಕೊಂಡಿದ್ದು ಮೂರನೆಯ ದಿನ ತಾನೇ ಟೀ ಹೇಳಿದ್ದ.

ಬಸ್ಸು ಹಾನಗಲ್ಲು ಬಿಟ್ಟಿತು. ಎರಡೂ ಕಡೆ ಕಲ್ಲು ಗುಡ್ಡ, ಜಾಲಿ, ಶೇಂಗಾ ಕಿತ್ತ ಕೆಂಪು ಹೊಲ. ಹನುಮಂತರಾಯ ಮನಸ್ಸಿನಲ್ಲೇ ವ್ಯವಸ್ಥೆ ಮಾಡುತ್ತಿದ್ದ. ಮೊಳಕಾಲ್ಮುರಿನಲ್ಲಿ ಗಾಡಿ ಮಾಡುವುದು, ಹೊತ್ತು ಮುಳುಗುವುದರೊಳಗೆ ಹಟ್ಟಿ ಸೇರುವುದು. ನನ್ನಿವಾಳವೆಂದರೆ ಚಳ್ಳಕೆರೆಯ ಮಗ್ಗುಲಲ್ಲೇ ಇದೆ. ಬೇಸರವಾದ ದಿನ ಆಟೋ ಹತ್ತಿ ಹೋಗಿ ಅವನನ್ನು ಮಣ್ಣು ಮಾಡಿದ ಗುಡ್ಡೆಯ ಹತ್ತಿರ ಕುಳಿತು ಬರಬಹುದು. ಅಷ್ಟಾದರೂ ಇರಲಿ. ಮಾತಾಡದಿದ್ದರೆ ಬೇಡ, ಹತ್ತಿರ ಇದ್ದರೆ ಸಾಕು. ಇದೊಂದು ಆಸೆ ಬಿಟ್ಟರೆ ಅವನ ತಲೆಯಲ್ಲಿ ಬೇರೇನೂ ಇರಲಿಲ್ಲ.

ಮೊಳಕಾಲ್ಮುರಿನಲ್ಲಿ ಟೆಂಪೊ ಸಿಕ್ಕಿತು. ಗಡಿ ದಾಟಿ ಒಂದು ಹರದಾರಿ ಹೋದ ಮೇಲೆ, ಮಂದೆ ನಿಂತಿದ್ದ ನಾಗೇಂದ್ರಪ್ಪನ ಹೊಲ. ನಾಗೇಂದ್ರಪ್ಪ ತೆಲುಗಿನವನು, ಐವತ್ತು ದಾಟಿದ ರೈತ. ಅವನ ತಂದೆಯ ಕಾಲದಿಂದ ದೊಡ್ಡೀರಪ್ಪನ ಮಂದೆ ವರ್ಷಕ್ಕೊಮ್ಮೆ ಅವರ ಗದ್ದೆಯಲ್ಲಿ ನಿಲ್ಲುತ್ತಿತ್ತು. ಅವನು ರಸ್ತೆಯ ತನಕ ಬಂದು ಕೈ ಮುಗಿದ. "ರಂಡಿ ಅಣ್ಣಾ, ಬನ್ನಿ," ಎಂದು ಎರಡು ಭಾಷೆಯಲ್ಲೂ ಕರೆದ.

ಪಂಪ್‌ಸೆಟ್ಟಿನ ಮನೆಯ ಪಕ್ಕ ಹೊಂಗೆ ಮರದ ನೆರಳಿನಲ್ಲಿ ದೊಡ್ಡೀರಪ್ಪನನ್ನು ಮಲಗಿಸಿದ್ದರು. ಎದೆಯ ತನಕ ಕರಿ ಕಂಬಳಿ. ಕ್ಯಾತಮ್ಮ ತಲೆಯ ಕಡೆ ಕುಳಿತು ನೊಣ ಓಡಿಸುತ್ತಿದ್ದಳು. ಆಚೆ ಬಲೆಯೊಳಗೆ ಮಂದೆ ಹಾಗೆಯೇ ನಿಂತಿತ್ತು. ಇಷ್ಟು ಹೊತ್ತಾದರೂ ಮೇಯಲು ಬಿಡದ್ದಕ್ಕೆ ಅರಚುತ್ತಿತ್ತು. ಹನುಮಂತರಾಯ ಗೆಳೆಯನ ಮುಖ ನೋಡಿದ. ಏನೋ ಅಡ್ಡ ಮಾತು ಹೇಳಲು ಬಾಯಿ ತೆರೆದವನ ಹಾಗೆಯೇ ಇತ್ತು. ಅವನು ಅಲ್ಲೇ ನೆಲದ ಮೇಲೆ ಕುಳಿತ.

ಕಂಬಳಿಯ ಅಂಚು ಸರಿಪಡಿಸಿ, "ಟೆಂಪೊ ತಂದೀನಿ ಕ್ಯಾತಮ್ಮಾ," ಎಂದ. "ಏಳ್ರಿ. ಹೊತ್ತು ಮುಳುಗೋದ್ರೊಳಗೆ ಹಟ್ಟಿ ಸೇರೋಣ."

ಕ್ಯಾತಮ್ಮ ತಲೆ ಎತ್ತಲಿಲ್ಲ. "ಹಟ್ಟಿಗೆ ಹೋಗಿ ಏನು ಮಾಡಾದು ಅಣ್ಣಾ? ಒಳಕ್ಕೆ ಬಿಡಾಕಿಲ್ಲ."

ಹನುಮಂತರಾಯನಿಗೆ ತಿಳಿಯಲಿಲ್ಲ. ಚಂದ್ರಣ್ಣ ಬಿಡಿಸಿ ಹೇಳಿದ. ಅವರ ಹಟ್ಟಿಯ ಕಟ್ಟಳೆ ಅದು. ಹೊರಗೆ ಸತ್ತವರನ್ನು ಬೇಲಿಯೊಳಕ್ಕೆ ತರುವ ಹಾಗಿಲ್ಲ, ಒಳಗೆ ದೇವರ ಗುಡಿ ಇದೆ. ಹೆಣವನ್ನು ಬೇಲಿಯಾಚೆ ಇಳಿಸಿ ಅಲ್ಲಿಂದಲೇ ಹೂಳಲು ಒಯ್ಯಬೇಕು. ಬೆಳಗ್ಗೆಯೇ ಅವನು ಹಟ್ಟಿಯ ಯಜಮಾನರಿಗೆ ಫೋನು ಮಾಡಿದ್ದ. ತರೋದಾದರೆ ತರ್ರಿ, ಆದ್ರೆ ಕಟ್ಟಳೆ ಕಟ್ಟಳೇನೇ ಅಂದಿದ್ದರು.

"ಅವನು ಹುಟ್ಟಿದ ಹಟ್ಟಿ! ಅವನು ಕಟ್ಟಿದ ಮನೆ!" ಹನುಮಂತರಾಯನ ದನಿ ಏರಿತು. "ಅವನು ಹೊರಗಿನೋನು ಹೆಂಗಾದ? ನಾನು ಮಾತಾಡ್ತೀನಿ ಯಜಮಾನರ ಹತ್ರ."

"ಬ್ಯಾಡ," ಎಂದಳು ಕ್ಯಾತಮ್ಮ. "ದೇವರ ಕಟ್ಟಳೆ ಮುರಿಯಾದು ಬ್ಯಾಡ. ನಾನೂ ಅದೇ ಬೇಲಿಯೊಳಗೆ ಬಾಳಿದೋಳು. ಆದ್ರೆ ಅವನನ್ನ ಬಾಗಿಲು ಕಾಣೋ ಹಂಗೆ ಬೇಲಿ ಹೊರಗೆ ಮಲಗಿಸಿ ನೋಡಾಕೆ ನನ್ನ ಕೈಲಿ ಆಗಲ್ಲ."

ನಾಗೇಂದ್ರಪ್ಪ ಅಷ್ಟು ಹೊತ್ತೂ ಟವೆಲ್ಲನ್ನು ಕೈಯಲ್ಲಿ ಹಿಡಿದು ನಿಂತಿದ್ದ. ಈಗ ಮೆಲ್ಲಗೆ ಮುಂದೆ ಬಂದ. "ಅಣ್ಣಾ, ತಪ್ಪು ತಿಳೀಬೇಡಿ. ಆ ಮೂಲೇಲಿ ನಮ್ಮ ನಾಯನನ್ನ, ನಮ್ಮಪ್ಪನ್ನ, ಇಟ್ಟಿದೀವಿ. ಅದರ ಪಕ್ಕ ಜಾಗ ಐತೆ. ನಮ್ಮ ಹೆಂಗಸರೂ ಅದೇ ಅಂದ್ರು. ಈ ನೆಲದಾಗೆ ಅರ್ಧ ಮಣ್ಣು ನಮ್ಮದು, ಅರ್ಧ ಈ ಪೆದ್ದಾಯನ, ಈ ಹಿರೀಕರ, ಕುರಿ ಹಾಕಿದ್ದು. ಇವರು ನಮಗೆ ಹೊರಗಿನೋರು ಅಂತ ಯಾರೂ ಅಂದಿಲ್ಲ."

"ನೀವು ಸುಮ್ಮನಿರ್ರಿ," ಎಂದ ಹನುಮಂತರಾಯ. ಅಂದ ಕೂಡಲೇ ಅವನಿಗೆ ನಾಚಿಕೆಯಾಯಿತು. ಆದರೂ ಮಾತು ನಿಲ್ಲಲಿಲ್ಲ. "ಇಲ್ಲಿ ಇಟ್ರೆ ಯಾರು ನೋಡ್ತಾರೆ? ನೀವು ಮಂದೆ ಹೊಡ್ಕೊಂಡು ಮುಂದಕ್ಕೆ ಹೋಗ್ತೀರಿ. ದೀಪ ಹಚ್ಚೋರು ಯಾರು? ನಾನು ಎಲ್ಲಿ ಹೋಗಿ ಕೂತ್ಕೊಳ್ಳಲಿ?"

ಕೊನೆಯ ಮಾತು ಅವನಿಗೆ ಗೊತ್ತಿಲ್ಲದೆ ಬಾಯಿಂದ ಬಂದಿತ್ತು. ಕ್ಯಾತಮ್ಮ ಮೊದಲ ಸಲ ತಲೆ ಎತ್ತಿ ಅವನನ್ನು ನೋಡಿದಳು. ಅವಳ ಕಣ್ಣಿನಲ್ಲಿ ಸಿಟ್ಟಿರಲಿಲ್ಲ.

"ಅಣ್ಣಾ, ನೀನು ನಿನ್ನ ಸಲುವಾಗಿ ಒಯ್ಯಾಕೆ ಬಂದೀಯ. ಅವನ ಸಲುವಾಗಿ ಅಲ್ಲ."

ನಲವತ್ತು ವರ್ಷ ವಾದ ಮಾಡಿದವನು, ಇಷ್ಟು ಸಣ್ಣ ಮಾತಿಗೆ ಎದುರು ಮಾತು ಹುಡುಕಿದ, ಸಿಗಲಿಲ್ಲ. ಆ ಹೆಂಗಸು ಹೇಳಿದ್ದು ನಿಜವಾಗಿತ್ತು. ಸತ್ತವನಿಗೆ ನನ್ನಿವಾಳವೂ ಒಂದೇ, ಈ ಹೊಲವೂ ಒಂದೇ. ಮಳೆಗಾಲವೆಲ್ಲ ಅಲ್ಲಿ, ಬೇಸಿಗೆಯೆಲ್ಲ ಇಲ್ಲಿ. ಅವನ ಬದುಕೇ ಹಾಗಿತ್ತು. ಚಳ್ಳಕೆರೆಯ ಹತ್ತಿರ ಬೇಕಾಗಿದ್ದದ್ದು ತನಗೆ.

ಅವನು ಎದ್ದು ಹೋಗಿ ಟೆಂಪೊದವನಿಗೆ, "ನೀನು ಹೋಗಪ್ಪ," ಎಂದ.

ನಾಗೇಂದ್ರಪ್ಪನೂ ಅವನ ಅಣ್ಣ ತಮ್ಮಂದಿರೂ ಕುಣಿ ತೆಗೆದರು. ನೆಲ ಮೆತ್ತಗಿತ್ತು, ಗುದ್ದಲಿ ಸಲೀಸಾಗಿ ಇಳಿಯುತ್ತಿತ್ತು. ಗಂಗಲಕ್ಷ್ಮಿ ಕೊಟ್ಟ ಹೊಸ ಪಂಚೆ ಹೊದಿಸಿ, ಅದರ ಮೇಲೆ ಅವನ ಕಂಬಳಿಯನ್ನೇ ಸುತ್ತಿ ಇಳಿಸಿದರು. ಮೊದಲು ಚಂದ್ರಣ್ಣ ಮಣ್ಣು ಕೊಟ್ಟ, ಆಮೇಲೆ ಕ್ಯಾತಮ್ಮ. ಆಮೇಲೆ ಅವಳೇ ಸರಿದು ನಿಂತು, "ಬಾ ಅಣ್ಣಾ," ಎಂದಳು. ಹನುಮಂತರಾಯ ಎರಡು ಹಿಡಿ ಮಣ್ಣು ಹಾಕಿದ. ಮೂರನೆಯ ಹಿಡಿಯನ್ನು ಬಿಡಲು ಬೆರಳು ಬಿಚ್ಚಲಿಲ್ಲ. ನಾಗೇಂದ್ರಪ್ಪ ಮೊಣಕೈ ಹಿಡಿದುಕೊಂಡ. ಗುಡ್ಡೆಯ ಮೇಲೆ ಕಲ್ಲು ಪೇರಿಸಿ, ನಾಯಿ ನರಿ ಬಾರದಂತೆ ಜಾಲಿ ಮುಳ್ಳು ಹೊದಿಸಿದರು.

ಮರುದಿನ ಬೆಳಗ್ಗೆ ಹನುಮಂತರಾಯ ಎಂದಿನಂತೆ ಓಬಳೇಶನ ಅಂಗಡಿಗೆ ಹೋದ. ಮನೆಯಲ್ಲಿ ಕೂರಲು ಆಗಲಿಲ್ಲ, ಬೇರೆ ಕಡೆ ಹೋಗಲು ಕಾಲಿಗೆ ದಾರಿ ಗೊತ್ತಿರಲಿಲ್ಲ. ಬೀಜದ ಅಂಗಡಿಯ ಬೊಮ್ಮಣ್ಣ ಪತ್ರಿಕೆ ಹಿಡಿದಿದ್ದ.

"ಕಂಡಕ್ಟ್ರೇ, ನೀವು ಹೇಳ್ದಂಗೇ ಆತು ನೋಡ್ರಿ. ವಿಮಾನದ ಟಿಕೆಟ್ ಕಥೆ ನಿನ್ನೆನೂ ಬಂದಿತ್ತು, ಇವತ್ತೂ ಐತೆ. ಪೈಪೋಟಿ ಪೈಪೋಟಿ ಅಂತ ಕುಣಿದ್ರು, ಈಗ ಎರಡೇ ಮೂರು ಕಂಪನಿ. ಗೆದ್ರಿ ಬಿಡ್ರಿ."

"ಹೌದಪ್ಪ," ಎಂದ ಹನುಮಂತರಾಯ.

"ಇನ್ನೊಂದು ನೋಡ್ರಿ. ಈ ಹೋಟೆಲು, ಮಿಲ್ಲು, ಎಲ್ಲಾ ಕಡೆ ಉತ್ತರದ ಹುಡುಗರೇ ತುಂಬ್ಕೊಂಡವ್ರೆ. ನೀವು ಆವತ್ತೇ ಹೇಳಿದ್ರಿ, ಅವರವರ ಊರು ಅವರವರಿಗೆ ಅಂತ. ಸರಿ ಅಲ್ಲೇನ್ರಿ?"

ಬೆಂಚಿನಲ್ಲಿದ್ದವರು ಹನುಮಂತರಾಯನ ಮುಖ ನೋಡಿದರು. ಎದುರಿನ ಬೆಂಚಿನ ತುದಿ ಖಾಲಿ ಇತ್ತು. ಅಲ್ಲಿಂದ ಬರಬೇಕಾದ ಮಾತಿಗೆ ಅವನ ಕಿವಿ ಕಾಯುತ್ತಿತ್ತು. ಬರುವುದಿಲ್ಲವೆಂದು ಗೊತ್ತಿದ್ದರೂ ಕಾಯುತ್ತಿತ್ತು. ಸೋಲುವವನೇ ಇಲ್ಲದ ಮೇಲೆ ಗೆದ್ದು ಯಾರ ಮುಂದೆ ಕುಳಿತುಕೊಳ್ಳುವುದು? ಟೀ ಅರ್ಧಕ್ಕೆ ಬಿಟ್ಟು ಅವನು ಎದ್ದ.

"ಯಾಕ್ರಿ, ಮಾತೇ ಆಡ್ಲಿಲ್ಲ?" ಎಂದ ಬೊಮ್ಮಣ್ಣ.

"ಸುಮ್ಮನಿರಣ್ಣಾ, ನಿನಗೆ ಹೊತ್ತು ಗೊತ್ತು ಒಂದೂ ಇಲ್ಲ," ಎಂದು ಓಬಳೇಶ ಗದರಿದ್ದು ಹಿಂದಿನಿಂದ ಕೇಳಿಸಿತು.

ಮೂರನೆಯ ದಿನ ಹಾಲು ತುಪ್ಪ. ಗಂಗಲಕ್ಷ್ಮಿಯೂ ಜೊತೆಗೆ ಬಂದಳು. ಬಸ್ಸಿನಲ್ಲಿ ಅವಳು ಮಡಿಲಲ್ಲಿ ಡಬ್ಬಿ ಇಟ್ಟುಕೊಂಡು, ಗಂಡ ಮಾತಾಡಿದರೆ ಕೇಳಲು, ಮಾತಾಡದಿದ್ದರೆ ಸುಮ್ಮನಿರಲು ಸಿದ್ಧಳಾಗಿ ಕುಳಿತಿದ್ದಳು.

ಹೊಲದಲ್ಲಿ ನಾಗೇಂದ್ರಪ್ಪನ ಮನೆಯವರು ಅನ್ನ, ಮುದ್ದೆ, ಸೊಪ್ಪಿನ ಸಾರು ಮಾಡಿ ತಂದಿದ್ದರು. ಎಡೆ ಇಟ್ಟರು. ಚಂದ್ರಣ್ಣ ಹಾಲು ತುಪ್ಪ ಬಿಟ್ಟ. ಕ್ಯಾತಮ್ಮ ಅತ್ತಳು, ಗಂಗಲಕ್ಷ್ಮಿ ಅವಳನ್ನು ಹಿಡಿದುಕೊಂಡಳು. ಕಾಗೆ ಬಂದು ಎಡೆ ಮುಟ್ಟಿತು. ಎಲ್ಲರೂ ಉಂಡರು.

ಊಟವಾದ ಮೇಲೆ ಚಂದ್ರಣ್ಣ ರೊಪ್ಪದ ಬಲೆ ಸುತ್ತತೊಡಗಿದ. ಕತ್ತೆಯ ಮೇಲೆ ಪಾತ್ರೆ ಪಡಗ ಹೇರಿದರು. ಮುಂದಿನ ಹೊಲದವರು ಎರಡು ದಿನದಿಂದ ಕಾಯುತ್ತಿದ್ದರು, ಈ ಗದ್ದೆಯಲ್ಲಿ ಮೇವು ಮುಗಿದಿತ್ತು. ಸಾವು ಬಂತೆಂದು ಕುರಿಯ ಹೊಟ್ಟೆ ಕೇಳುವುದಿಲ್ಲ.

"ನೀನಾದ್ರೂ ನಮ್ಮ ಮನೆಗೆ ಬಾರೇ," ಎಂದಳು ಗಂಗಲಕ್ಷ್ಮಿ. "ಸೂತಕ ಕಳೆಯೋತನಕ ಇರು."

"ಇವುಕ್ಕೆ ಯಾರು ಅಕ್ಕಾ? ಹುಡುಗ ಒಬ್ಬನ ಕೈಲಿ ಆಗಲ್ಲ." ಕ್ಯಾತಮ್ಮ ಗುಡ್ಡೆಯ ಹತ್ತಿರ ಹೋಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಹನುಮಂತರಾಯನ ಕಡೆ ತಿರುಗಿ, "ಬಸ್ಸು ಓಡಾಡ್ತಾವಲ್ಲಣ್ಣಾ. ಆದಾಗ ಬಂದು ಹೋಗು," ಎಂದಳು. ಆಮೇಲೆ ಹಿಂದೆ ನೋಡದೆ ಮಂದೆಯ ಹಿಂದೆ ನಡೆದಳು.

ಮಂದೆ ಕಾಲುವೆಯ ದಡ ಹತ್ತಿ, ಇಳಿದು, ಮರೆಯಾಯಿತು. ಧೂಳು ಸ್ವಲ್ಪ ಹೊತ್ತು ನಿಂತಿತ್ತು, ಅದೂ ಇಳಿಯಿತು. ನಾಗೇಂದ್ರಪ್ಪ ಗಂಗಲಕ್ಷ್ಮಿಯನ್ನು ಮನೆಗೆ ಕರೆದುಕೊಂಡು ಹೋದ, ಬಸ್ಸಿಗೆ ಇನ್ನೂ ಹೊತ್ತಿತ್ತು. "ನೀವು ಬನ್ನಿ ನಿಧಾನಕ್ಕೆ," ಎಂದು ಹೇಳಿ ಹೋದ.

ಹನುಮಂತರಾಯ ಒಬ್ಬನೇ ಉಳಿದ. ಗದ್ದೆಯ ತುಂಬ ಕುರಿ ಮಲಗಿದ ಗುರುತು, ಹಿಕ್ಕೆಯ ವಾಸನೆ. ಎರಡು ಗುಡ್ಡೆಗಳು, ಒಂದು ಹಳೆಯದು, ಹುಲ್ಲು ಬೆಳೆದದ್ದು, ಒಂದು ಹೊಸದು. ಏನಾದರೂ ಹೇಳಬೇಕೆಂದು ಅವನು ಬಾಯಿ ತೆರೆದ. ಲೇ ಎಂದು ಕರೆಯಲು ಹೋಗಿ ತಡೆದ. ಚಪ್ಪಲಿ ಬಿಟ್ಟು, ಬಿಸಿ ನೆಲದ ಮೇಲೆ ಮೊಣಕಾಲೂರಿ, ತನ್ನ ಮನೆಯ ದೇವರನ್ನೂ ದೊಡ್ಡೀರಪ್ಪನ ಹಟ್ಟಿಯ ದೇವರನ್ನೂ ಒಟ್ಟಿಗೆ ನೆನೆದು ಕೈ ಮುಗಿದ.

"ತಂದೇ, ಇವನು ಗುಡಿಗೆ ಬಂದು ಕೈ ಮುಗಿದದ್ದು ಕಡಿಮೆ. ಮೂಕ ಪ್ರಾಣಿಗಳನ್ನು ಮಳೆ ಬಿಸಿಲಿನಲ್ಲಿ ಕಾದ, ಅದನ್ನೇ ಪೂಜೆ ಅಂತ ತಿಳಿದುಕೋ. ಬಾಯಿ ಜೋರು, ಮನಸ್ಸಿನಲ್ಲಿ ವಿಷ ಇರಲಿಲ್ಲ. ಅವನು ನಡೆದ ದಾರಿ ಬಹಳ, ಕಾಲು ದಣಿದಿದೆ. ಅವನನ್ನು ನಿನ್ನ ಪಾದದ ಹತ್ತಿರ ಮಲಗಿಸಿಕೋ. ನಾನು ಅವನನ್ನು ಹಿಡಿದು ಎಳೆಯುವುದಿಲ್ಲ, ಕರೆದು ಎಬ್ಬಿಸುವುದಿಲ್ಲ. ಅವನ ಆತ್ಮಕ್ಕೆ ಶಾಂತಿ ಕೊಡು ಸ್ವಾಮಿ, ಶಾಂತಿ ಕೊಡು."